ಬೈಗೆ ಮೀನು ಮತ್ತೆ ಬಂದಿದೆ. ಮನೆ ಅಡವಿಟ್ಟು ಬೋಟಿಗೆ ಪಾಲು ಹಾಕಬಹುದೇ?

ಪ್ರಶ್ನೆ: ನಮ್ಮದು ಕುಂದಾಪುರ ಹತ್ತಿರದ ಕಡಲತಡಿಯ ಊರು. ಅಜ್ಜನಿಗೆ ಊರವರು ಸೇರಿ ದಡದಿಂದ ಎಳೆಯುವ ರಂಪಣಿ ಬಲೆಯಲ್ಲಿ ಪಾಲಿತ್ತು, ಅಪ್ಪ ನಾಡದೋಣಿಯಲ್ಲಿ ದುಡಿದರು, ಈಗ ತಮ್ಮ ಅದೇ ಕಸುಬಿನಲ್ಲಿದ್ದಾನೆ. ನಾನು ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಕೆಲವು ವರ್ಷ ಬೈಗೆ ಮೀನು ಕಣ್ಣಿಗೇ ಬೀಳಲಿಲ್ಲ. ಈಗ ಎರಡು ಮೂರು ಸೀಸನ್‌ನಿಂದ ಬಲೆ ತುಂಬುತ್ತಿದೆ. ಆ ಧೈರ್ಯದಲ್ಲಿ ತಮ್ಮ ನಾಲ್ವರ ಜತೆ ಸೇರಿ, ಮೀನಿನ ಗುಂಪಿಗೆ ದೊಡ್ಡ ಬಲೆ ಸುತ್ತಿ ಹಿಡಿಯುವ ಪರ್ಸೀನ್ ಬೋಟಿಗೆ ಪಾಲು ಹಾಕಲು ಹೊರಟಿದ್ದಾನೆ. ಅದಕ್ಕೆ ಮನೆ ಅಡವಿಡಬೇಕು. ಮೀನು ಒಮಾನ್‌ಗೆ ಹೋಗಿತ್ತು, ಈಗ ವಾಪಸ್ ಬಂದಿದೆ ಎನ್ನುತ್ತಾರೆ ಕೆಲವರು. ಅದನ್ನು ಮುಗಿಸಿದ್ದೇ ಪರ್ಸೀನ್‌ನವರು ಎನ್ನುತ್ತಾರೆ ಹಿರಿಯರು. ಮಳೆಗಾಲದ ನಿಷೇಧ ಇರುವಾಗ ಮೀನಿಗೆ ಏನೂ ಆಗುವುದಿಲ್ಲ ಅಂತ ತಮ್ಮನ ವಾದ. ಈ ಮೀನನ್ನು ನಂಬಬಹುದೇ? ಇದನ್ನು ಪಂಜರದಲ್ಲಿ ಸಾಕಲು ಬರುತ್ತದೆಯೇ? ಅಮ್ಮನದೂ ಒಂದು ಪ್ರಶ್ನೆ ಇದೆ: ಮೊದಲು ಬೈಗೆ ಹುರಿಯಲು ಎಣ್ಣೆಯೇ ಬೇಕಿರಲಿಲ್ಲ, ಕಾವಲಿಯಲ್ಲಿ ತನ್ನ ಎಣ್ಣೆಯಲ್ಲೇ ಬೇಯುತ್ತಿತ್ತು. ಈಗ ಯಾಕೆ ಹಾಗಿಲ್ಲ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ನಿಮ್ಮ ಭಯ ಒಂದೇ. ಎರಡು ಮೂರು ಒಳ್ಳೆಯ ವರ್ಷ ನೋಡಿ ತಮ್ಮ ಹತ್ತು ವರ್ಷದ ಸಾಲಕ್ಕೆ ಕೈ ಹಾಕುತ್ತಿದ್ದಾನೆ, ಮೀನು ಅಷ್ಟು ದಿನ ಇರುತ್ತದೆಯೇ? ನೇರವಾಗಿ ಹೇಳುತ್ತೇನೆ: ಬೈಗೆ ಇರುತ್ತದೆ, ಆದರೆ ಪ್ರತಿ ವರ್ಷ ಇರುವುದಿಲ್ಲ. ಅದು ಯಾವ ವರ್ಷ ಕೈಕೊಡುತ್ತದೆ ಎಂದು ನಾನಿರಲಿ, ಯಾವ ವಿಜ್ಞಾನಿಯೂ ಸಾಲದ ಪತ್ರಕ್ಕೆ ಸಹಿ ಹಾಕುವಷ್ಟು ಖಚಿತವಾಗಿ ಹೇಳಲಾರ. ಬೋಟುಗಳು ಮೀನು ಇಳಿಸುವ ದಕ್ಕೆಗಳಲ್ಲಿ ಬುಟ್ಟಿಯಿಂದ ಬುಟ್ಟಿಗೆ ಹೋಗಿ ಈ ಮೀನಿನ ಉದ್ದ ಅಳೆಯುವುದೇ ನನ್ನ ಕೆಲಸವಾಗಿತ್ತು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯುತ್ತಿದ್ದುದು ಅದೇ ಕಾರಣಕ್ಕೆ. ಇಷ್ಟು ವರ್ಷದ ಆ ಅಳತೆಯಿಂದ ಕಲಿತದ್ದನ್ನು ಹೇಳುತ್ತೇನೆ, ತಮ್ಮನಿಗೂ ಓದಿ ಹೇಳಿ.

ನೀವು ಬೈಗೆ ಎನ್ನುವುದನ್ನು ತುಳುವಿನಲ್ಲಿ ಬೂತಾಯಿ, ಕಾರವಾರದ ಕೊಂಕಣಿಯಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ ಎನ್ನುತ್ತಾರೆ. ಶಾಸ್ತ್ರದ ಹೆಸರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ದಡದಿಂದ ಹೆಚ್ಚು ದೂರ ಹೋಗದೆ, ಬಹುಪಾಲು ಮೂವತ್ತು ಮೀಟರ್ ಆಳದೊಳಗೆ ಗುಂಪುಗುಂಪಾಗಿ ತಿರುಗುವ ಮೀನು ಇದು. ಕಿವಿರಿನೊಳಗೆ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಎಳೆಗಳಿರುತ್ತವೆ. ಬಾಯಿ ತೆರೆದು ಈಜುತ್ತಾ, ನೀರಿನಲ್ಲಿ ತೇಲುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನು ಆ ಎಳೆಗಳಲ್ಲಿ ಸೋಸಿ ತಿನ್ನುತ್ತದೆ. ಒಳ್ಳೆಯ ಸೀಸನ್‌ನಲ್ಲಿ ಬೈಗೆಯ ಹೊಟ್ಟೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಫ್ರಜಿಲೇರಿಯಾ ಎಂಬ ಡಯಾಟಮ್‌ನ ಸರಪಳಿಗಳು ರಾಶಿ ಬಿದ್ದಿರುತ್ತವೆ. ಆ ಪಾಚಿ ಹುಲುಸಾಗಿ ಬಂದ ವರ್ಷ ಬೈಗೆಯೂ ಚೆನ್ನಾಗಿ ಬರುತ್ತದೆ ಎಂಬುದು ಹಳೆಯ ಕಾಲದಿಂದ ಗಮನಿಸಿದ ಸಂಗತಿ.

ಪಾಚಿ ಹುಲುಸಾಗಲು ಗೊಬ್ಬರ ಬೇಕು. ಅದು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಮಳೆಗೆ ಹೊಳೆಗಳು ಅಳಿವೆಯಲ್ಲಿ ತಂದು ಸುರಿಯುವ ಮಣ್ಣುನೀರು. ಇನ್ನೊಂದು ಇದಕ್ಕಿಂತ ದೊಡ್ಡದು. ಮುಂಗಾರಿನ ಗಾಳಿ ನಮ್ಮ ಕರಾವಳಿಯ ಉದ್ದಕ್ಕೂ ಬೀಸುವಾಗ ಮೇಲಿನ ಬೆಚ್ಚನೆಯ ನೀರು ದಡದಿಂದ ಆಚೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಕನ್ಯಾಕುಮಾರಿ ಕಡೆ ಮೇ ಕೊನೆಗೆ ಶುರುವಾಗುವ ಈ ಏಳುನೀರು ಮಳೆಗಾಲ ಬಲಿತಂತೆ ಉತ್ತರಕ್ಕೆ ಹಬ್ಬಿ ನಮ್ಮ ತೀರ ಮುಟ್ಟುತ್ತದೆ. ನಾಡದೋಣಿಯವರು ಕಡಲು ಚೆನ್ನಾಗಿ ಕದಡಲಿ, ತೂಫಾನ್ ಏಳಲಿ ಎಂದು ಕಾಯುವುದರಲ್ಲಿ ಅರ್ಥವಿದೆ. ಅದೇ ತಿಂಗಳುಗಳಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೈಗೆ ಮೊಟ್ಟೆ ಇಡುತ್ತದೆ. ಒಂದು ತಾಯಿಮೀನು ಹತ್ತಾರು ಸಾವಿರ ಮೊಟ್ಟೆ ಇಟ್ಟರೂ, ಮರಿ ಕಣ್ಣು ಬಿಟ್ಟ ಹೊತ್ತಿಗೆ ನೀರಿನಲ್ಲಿ ತಿನ್ನಲು ಇಲ್ಲದಿದ್ದರೆ ಆ ಲೆಕ್ಕವೆಲ್ಲ ಸೊನ್ನೆ. ಗಾಳಿ ತಡವಾದರೂ ತೊಂದರೆ, ಮಳೆ ಎಡವಿದರೂ ತೊಂದರೆ. ಏಳುನೀರು ಅತಿಯಾದರೂ ತೊಂದರೆಯೇ, ಏಕೆಂದರೆ ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದು ದಡಕ್ಕೆ ಒತ್ತಿ ಬಂದರೆ ಮೀನು ಉಸಿರುಗಟ್ಟಿ ಬೇರೆಡೆ ಸರಿಯುತ್ತದೆ.

ಇನ್ನೊಂದು ಸಂಗತಿ ಬ್ಯಾಂಕಿನವರಾದ ನಿಮಗೆ ಬೇಗ ಅರ್ಥವಾಗುತ್ತದೆ. ಬೈಗೆಯ ಆಯುಸ್ಸು ಹೆಚ್ಚೆಂದರೆ ಎರಡೂವರೆ ವರ್ಷ. ವರ್ಷ ತುಂಬುವ ಹೊತ್ತಿಗೆ ಸುಮಾರು 15 ಸೆಂ.ಮೀ. ಬೆಳೆದು ಮೊಟ್ಟೆಗೆ ಬರುತ್ತದೆ. ಹತ್ತಿಪ್ಪತ್ತು ವರ್ಷ ಬದುಕುವ ಮೀನುಗಳಾದರೆ ನಾಲ್ಕು ಕೆಟ್ಟ ವರ್ಷ ಬಂದರೂ ಹಳೆಯ ತಲೆಗಳು ಉಳಿದಿರುತ್ತವೆ, ಅದೊಂದು ಠೇವಣಿ ಇದ್ದಂತೆ. ಬೈಗೆಗೆ ಠೇವಣಿ ಇಲ್ಲ, ದಿನದ ಖಾತೆ ಮಾತ್ರ. ಎರಡು ಮಳೆಗಾಲ ಸತತ ಕೆಟ್ಟರೆ ಖಾತೆ ಬರಿದು. ಒಂದೇ ಒಂದು ಮಳೆಗಾಲ ಸರಿಬಂದರೆ ಮತ್ತೆ ತುಂಬುವುದೂ ಅಷ್ಟೇ ಬೇಗ. ನೆರೆಯ ಕೇರಳದ ಲೆಕ್ಕ ನೋಡಿ. 1994ರಲ್ಲಿ ಅಲ್ಲಿ ಸಿಕ್ಕಿದ್ದು ಎರಡು ಸಾವಿರ ಟನ್ನೂ ಇಲ್ಲ. 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್, ಅದು ದಾಖಲೆ. ಒಂಬತ್ತು ವರ್ಷ ಕಳೆದು 2021ರಲ್ಲಿ ಮತ್ತೆ 3,297 ಟನ್ನಿಗೆ ಕುಸಿತ. 2023ಕ್ಕೆ ಒಂದು ಲಕ್ಷ ದಾಟಿ ಮೇಲೆದ್ದಿತು. ಮೀನಿಗೆ ತಲಪಾಡಿಯ ಗಡಿ ಗೊತ್ತಿಲ್ಲ. ನಮ್ಮ ಕರಾವಳಿಯಲ್ಲಿ ಮತ್ಸ್ಯಕ್ಷಾಮ ಎಂದು ಪತ್ರಿಕೆಗಳು ಬರೆದದ್ದೂ, ಈಗ ತಮ್ಮನ ಬಲೆ ತುಂಬಿದ್ದೂ ಇದೇ ಏರಿಳಿತದಲ್ಲಿ.

ಈಗ ದಕ್ಕೆಯ ಮಾತುಗಳಿಗೆ ಬರೋಣ. ನಮ್ಮ ಮೀನು ಒಮಾನ್‌ಗೆ ಹೋಗಿತ್ತು ಎನ್ನುವುದು ಸರಿಯಲ್ಲ. ಒಮಾನ್ ಸಮುದ್ರದಲ್ಲೂ ಇದೇ ಜಾತಿಯ ಮೀನಿದೆ, ನಿಜ. ಇಲ್ಲಿ ಕೊರತೆಯಿದ್ದಾಗ ಅಲ್ಲಿನ ದಪ್ಪ ಬೈಗೆ ಮಂಜುಗಡ್ಡೆಯಲ್ಲಿ ನಮ್ಮ ಮಾರುಕಟ್ಟೆಗೆ ಬಂದದ್ದೂ ನಿಜ, ಈ ಕಥೆ ಹುಟ್ಟಿದ್ದು ಬಹುಶಃ ಅಲ್ಲಿಂದಲೇ. ಆದರೆ ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಬೈಗೆಯ ಇಡೀ ಜೀನೋಮ್, ಅಂದರೆ ಪೂರ್ತಿ ವಂಶವಾಹಿ ನಕ್ಷೆ, ಓದಿ 2023ರಲ್ಲಿ ಪ್ರಕಟಿಸಿದೆ. ವಂಶವಾಹಿಯ ಅಧ್ಯಯನಗಳ ಪ್ರಕಾರ ನಮ್ಮ ತೀರದ ಬೈಗೆ ಬೇರೆ ಕುಲ, ಒಮಾನಿನದು ಬೇರೆ ಕುಲ. ಹೋಗಿ ಬರುವ ನೆಂಟಸ್ತಿಕೆ ಅವಕ್ಕಿಲ್ಲ. ನಮ್ಮ ಮೀನು ಎಲ್ಲಿಗೂ ಓಡಿ ಹೋಗಿರಲಿಲ್ಲ, ಹುಟ್ಟಿರಲಿಲ್ಲ ಅಷ್ಟೆ.

ಪರ್ಸೀನ್‌ನವರೇ ಮುಗಿಸಿದ್ದು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಹಿರಿಯರ ನೋವು ನನಗೆ ಅರ್ಥವಾಗುತ್ತದೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂದ ಮೇಲೆ ರಂಪಣಿ ಮುರಿದುಬಿತ್ತು. ಮೀನು ದಡಕ್ಕೆ ಬರುವ ಮೊದಲೇ ಬೋಟುಗಳು ಹೋಗಿ ಸುತ್ತು ಹಾಕಿದರೆ, ದಡದಲ್ಲಿ ಬಲೆ ಎಳೆಯಲು ಕಾದು ನಿಂತ ಊರಿನವರಿಗೆ ಏನು ಉಳಿಯಬೇಕು? ಯಾರಿಗೆ ಮೀನು ಸಿಗಬೇಕು ಎಂಬ ಜಗಳದಲ್ಲಿ ನಿಮ್ಮ ಅಜ್ಜನ ಕಡೆ ನ್ಯಾಯವಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಮೀನು ಯಾಕೆ ಕಡಿಮೆಯಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಯಂತ್ರದ ಬೋಟು ಈ ತೀರದಲ್ಲಿ ಒಂದೂ ಇಲ್ಲದ ಕಾಲದಲ್ಲೇ ಬೈಗೆ ಹೀಗೆ ಬಂದುಹೋಗುತ್ತಿತ್ತು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಅಲ್ಲಿನ ಮೀನುಗಾರಿಕೆ ಅಧಿಕಾರಿ ಜೇಮ್ಸ್ ಹಾರ್ನೆಲ್, ರಾಮಸ್ವಾಮಿ ನಾಯುಡು ಅವರ ಜತೆ 1923ರಲ್ಲಿ ಈ ಮೀನಿನ ಜೀವನಕ್ರಮದ ಬಗ್ಗೆ ಬರೆದರು. ಆಗಿನ ತಲೆನೋವೂ ಇದೇ, ಒಂದು ವರ್ಷ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುವಷ್ಟು ಸಿಗುವ ಮೀನು ಇನ್ನೊಂದು ವರ್ಷ ಸಾರಿಗೂ ಇಲ್ಲ. ನಲವತ್ತರ ದಶಕದಲ್ಲಿ ಎಷ್ಟು ಕುಸಿಯಿತೆಂದರೆ 1943ರಲ್ಲಿ ಮದ್ರಾಸ್ ಸರ್ಕಾರ ಸಣ್ಣ ಕಣ್ಣಿನ ಬಲೆಗಳಿಗೆ ಕಡಿವಾಣ ಹಾಕಬೇಕಾಯಿತು. ಹಾಯಿದೋಣಿ, ಹುಟ್ಟುಗೋಲಿನ ಕಾಲ ಅದು.

ಹಾಗಾದರೆ ಬೋಟುಗಳದ್ದು ತಪ್ಪೇ ಇಲ್ಲವೇ? ಇದೆ. ಇಳಿತಕ್ಕೆ ತಳ್ಳುವುದು ಕಡಲು. ಇಳಿದದ್ದನ್ನು ಪಾತಾಳಕ್ಕೆ ಮುಟ್ಟಿಸುವುದು, ಮೇಲೇಳಲು ಬಿಡದಿರುವುದು ನಾವು. 2012ರ ದಾಖಲೆಯ ನಂತರ ಬೋಟುಗಳ ಎಂಜಿನ್, ಬಲೆಯ ಉದ್ದ ಎಲ್ಲವೂ ಹಿಗ್ಗಿದ್ದವು. 2015ರಲ್ಲಿ ಬಲವಾದ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯೇರಿ ಹವೆ ಏರುಪೇರಾಗುವ ವಿದ್ಯಮಾನ, ಬಂದ ಸಮಯಕ್ಕೆ ಸಮುದ್ರ ಬಿಸಿಯೇರಿ ಮರಿಗಳು ಸೊರಗಿದವು. ಅಳಿದುಳಿದ ಮರಿಗಳನ್ನು ಬಲೆ ಬಿಡಲಿಲ್ಲ. ಮೀನನ್ನು ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಗಾತ್ರದ ಹಂಗಿಲ್ಲ, ಬೆರಳುದ್ದದ ಮರಿಯೂ ತೂಕಕ್ಕೆ ಬರುತ್ತದೆ. ಒಂದು ಕಿಲೋ ಮೀನುಹಿಟ್ಟಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಮನುಷ್ಯರು ತಿನ್ನದ ಗಾತ್ರದ ಮೀನಿಗೂ ಗಿರಾಕಿ ಇದ್ದಾಗ ಮರಿ ಬಿಟ್ಟುಬಿಡಿ ಎಂದರೆ ಬೋಟು ನಡೆಸುವ ಯಾವ ತಾಂಡೇಲ ಕೇಳುತ್ತಾನೆ?

ನಿಮ್ಮ ತಮ್ಮ ನಂಬಿರುವ ಮಳೆಗಾಲದ ನಿಷೇಧ ಒಳ್ಳೆಯದೇ. ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರಿಕ ಬೋಟುಗಳು ಇಳಿಯುವಂತಿಲ್ಲ. ಮೊಟ್ಟೆ ಇಡಲು ಬಂದ ತಾಯಿಮೀನಿಗೆ ಇದರಿಂದ ಅನುಕೂಲ. ಆದರೆ ಆಗಸ್ಟ್‌ನಲ್ಲಿ ಏನಾಗುತ್ತದೆ ಎಂದು ಅವನನ್ನೇ ಕೇಳಿ. ಮೊಟ್ಟೆ ಇಡುವುದು ಇನ್ನೂ ನಡೆದಿರುತ್ತದೆ, ಮೊದಲು ಹುಟ್ಟಿದ ಮರಿಗಳು ದಡದ ಹತ್ತಿರ ಗುಂಪು ಕಟ್ಟಿರುತ್ತವೆ. ಸರಿಯಾಗಿ ಆ ಹೊತ್ತಿಗೆ ಎರಡು ತಿಂಗಳು ಹಸಿದು ಕುಳಿತ ಬೋಟುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ತಾಯಿಗೆ ರಜೆ ಕೊಟ್ಟು ಮಗುವನ್ನು ಹಿಡಿದಂತೆ. ಕೇರಳದಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಮತ್ತಿ ಹಿಡಿಯುವುದು ಕಾನೂನಿನ ಪ್ರಕಾರ ತಪ್ಪು. ಅದೂ ಸಾಲದು ಎನ್ನುವವನು ನಾನು, ಏಕೆಂದರೆ 10 ಸೆಂ.ಮೀ. ಮೀನು ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ.

ಸಾಲದ ಅರ್ಜಿ ತುಂಬುವ ಮೊದಲು ತಮ್ಮನ ತಲೆಗೆ ಹೋಗಬೇಕಾದ ಮಾತು ಇನ್ನೊಂದಿದೆ. ದಕ್ಕೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಬೈಗೆ ಗುಂಪಿನ ಮೀನು. ಅಂಜಲ್, ಸೊರದಂಥ ಬೇಟೆ ಮೀನು ಮೇಲೆ ಬಿದ್ದಾಗ ಗುಂಪಿನಲ್ಲಿದ್ದವ ಬದುಕುತ್ತಾನೆ, ಒಂಟಿಯಾದವ ಹೊಟ್ಟೆ ಸೇರುತ್ತಾನೆ. ಆದ್ದರಿಂದ ಸಮುದ್ರದಲ್ಲಿ ಮೀನು ಅರ್ಧಕ್ಕಿಳಿದರೂ ಉಳಿದ ಅರ್ಧ ಚದುರಿ ತಿರುಗುವುದಿಲ್ಲ, ಮತ್ತೆ ಒಟ್ಟಾಗುತ್ತದೆ. ಗುಂಪುಗಳು ಕಡಿಮೆಯಾಗುತ್ತವೆ, ಆದರೆ ಸಿಕ್ಕ ಗುಂಪಿಗೆ ಬಲೆ ಸುತ್ತಿದರೆ ಬಲೆ ಮೊದಲಿನಂತೆಯೇ ತುಂಬುತ್ತದೆ. ಹಿಂದೆ ಹಗಲಲ್ಲಿ ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ, ಕತ್ತಲೆಯ ರಾತ್ರಿ ನೀರಿನ ಮಿನುಗು ನೋಡಿ ಗುಂಪು ಹುಡುಕಬೇಕಿತ್ತು. ಈಗ ನೀರೊಳಗಿನ ಗುಂಪನ್ನು ಶಬ್ದದಿಂದ ಪತ್ತೆಮಾಡುವ ಸೋನಾರ್, ಮೊಬೈಲ್ ಇವೆ. ಕೊನೆಯ ಗುಂಪೂ ತಪ್ಪಿಸಿಕೊಳ್ಳುವುದು ಕಷ್ಟ. ಮರದಿಂದ ಹಣ್ಣು ಕೊಯ್ಯುವವನಿಗೆ ಮರ ಬರಿದಾಗುತ್ತಿರುವುದು ಕಾಣುತ್ತದೆ, ಬೈಗೆ ಹಿಡಿಯುವವನಿಗೆ ಕಾಣುವುದಿಲ್ಲ. ಬಲೆ ತುಂಬಿದೆ, ತುಂಬಿದೆ ಎನ್ನುತ್ತಿರುವಾಗಲೇ ಒಂದು ಸೀಸನ್ ಇದ್ದಕ್ಕಿದ್ದಂತೆ ಏನೂ ಇರುವುದಿಲ್ಲ. ಎರಡು ಮೂರು ವರ್ಷ ಬಲೆ ತುಂಬಿತೆಂಬುದನ್ನು ನೀವು ಸಾಲಕ್ಕೆ ಆಧಾರವಾಗಿ ಹಿಡಿಯಲಾಗದು ಎನ್ನುವುದು ಇದಕ್ಕೇ. ಬಲೆಗಿಂತ ಒಳ್ಳೆಯ ಸೂಚನೆ ಡೀಸೆಲ್ ಲೆಕ್ಕ. ಒಂದು ಗುಂಪು ಹುಡುಕಲು ಮೊದಲು ಎಷ್ಟು ಹೊತ್ತು ತಿರುಗಬೇಕಿತ್ತು, ಈಗೆಷ್ಟು? ಬುಟ್ಟಿಯಲ್ಲಿ ಒಂದೇ ಗಾತ್ರದ ಮರಿಗಳೇ ತುಂಬಿವೆಯೇ, ದೊಡ್ಡ ಮೀನೂ ಬೆರೆತಿದೆಯೇ? ತಿರುಗಾಟ ಹೆಚ್ಚಿ ಗಾತ್ರ ಇಳಿಯುತ್ತಿದ್ದರೆ ಬಲೆ ತುಂಬಿದರೂ ಹೆದರಬೇಕು.

ಹಾಗಂತ ಪರ್ಸೀನ್ ಪಾಲು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಪರ್ಸೀನ್‌ಗೆ ಬೈಗೆಯೊಂದೇ ಗತಿಯಲ್ಲ. ಬಂಗುಡೆ ಇದೆ, ಸೀಸನ್ ಬಂದರೆ ಕೇದರ ಇದೆ. ಕಷ್ಟವಿರುವುದು ಖರ್ಚಿನಲ್ಲಿ. ಮೂವತ್ತರ ಆಸುಪಾಸು ಜನ, ದಿನದ ಡೀಸೆಲ್, ಮಂಜುಗಡ್ಡೆ, ಬಲೆ ರಿಪೇರಿ, ಇವು ಮೀನು ಸಿಗದ ದಿನವೂ ನಿಲ್ಲುವುದಿಲ್ಲ. ಕಂತು ತಿಂಗಳಿಗೊಮ್ಮೆ ಬರುತ್ತದೆ, ಬೈಗೆ ಹೇಳಿ ಬರುವುದಿಲ್ಲ. ಆದ್ದರಿಂದ ಲೆಕ್ಕ ಹಾಕುವಾಗ ಕಳೆದ ಸೀಸನ್‌ನಲ್ಲಿ ಸಿಕ್ಕ ಮೀನು ಬರೆಯಬೇಡಿ. ಬೈಗೆಯ ಜಾಗದಲ್ಲಿ ಸತತ ಮೂರು ವರ್ಷ ಸೊನ್ನೆ ಬರೆದು, ಉಳಿದ ಮೀನಿನಿಂದ ಬಡ್ಡಿಯಾದರೂ ಕಟ್ಟಲು ಆಗುತ್ತದೆಯೇ ನೋಡಿ. ಆಗುತ್ತದೆ ಎಂದಾದರೆ ಪಾಲು ಹಾಕಲಿ. ಆಗದಿದ್ದರೆ ಆ ಲೆಕ್ಕದ ಮೇಲೆ ಮನೆ ಪತ್ರ ಇಡಬಾರದು. 2012ರ ಹುರುಪಿನಲ್ಲಿ ದೊಡ್ಡ ಬಲೆ ಹಾಕಿಸಿ, ಐದು ವರ್ಷಕ್ಕೆ ಬಲೆಯನ್ನು ಕಿಲೋ ಲೆಕ್ಕದಲ್ಲಿ ಮಾರಿದವರನ್ನು ನಾನು ಕಂಡಿದ್ದೇನೆ. ಸಾಲ ತೀರಿಸಲು ಬೆಳಕು ಹಾಕಿ ಮೀನು ಹಿಡಿಯುವ ದಾರಿಗೆ ಇಳಿಯುವವರೂ ಇದ್ದಾರೆ. ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಸಿಕ್ಕಿಬಿದ್ದರೆ ದಂಡ, ಸಿಕ್ಕಿಬೀಳದಿದ್ದರೆ ಮುಂದಿನ ವರ್ಷದ ಮೀನಿಗೆ ಕತ್ತರಿ.

ನಾಡದೋಣಿಯಲ್ಲೇ ಉಳಿಯುವುದು ಎರಡನೆಯ ದಾರಿ. ಗುಂಪಿಗೆ ಸುತ್ತು ಹಾಕುವ ಮಾಟುಬಲೆಯ ಜತೆ ಬಂಗುಡೆಗೆ, ಅಂಜಲ್‌ಗೆ ಬೇರೆ ಬೇರೆ ಕಣ್ಣಿನ ಕಂತಬಲೆ (ಕಣ್ಣಿಗೆ ಮೀನು ಸಿಕ್ಕಿಕೊಳ್ಳುವ ಬಲೆ) ಇಟ್ಟುಕೊಂಡರೆ ಒಂದು ಮೀನು ಕೈಕೊಟ್ಟಾಗ ಇನ್ನೊಂದು ಹಿಡಿಯುತ್ತದೆ. ದುಡ್ಡು ಚಿಕ್ಕದು, ಸಾಲವೂ ಚಿಕ್ಕದು. ಇದರ ಅಪಾಯ ಬೇರೆ ಬಗೆಯದು. ಮಳೆಗಾಲದಲ್ಲಿ ಅಳಿವೆ ದಾಟುವಾಗ ದೋಣಿ ಮಗುಚುವುದು ನಮ್ಮಲ್ಲಿ ಹೊಸ ಸುದ್ದಿಯೇನಲ್ಲ. ಲೈಫ್ ಜಾಕೆಟ್ ಹಾಕಿಕೊಳ್ಳುವುದಕ್ಕೆ ನಾಚುವ ನಮ್ಮ ಹುಡುಗರ ಬಗ್ಗೆ ನನಗೆ ಸಿಟ್ಟಿದೆ, ಆದರೆ ಅದು ಬೇರೆ ಪತ್ರದ ವಿಷಯ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಬಿಸಿ ಮತ್ತು ಪಾಚಿಯ ಹಸಿರು ನೋಡಿ ಮೀನು ಸಿಗಬಹುದಾದ ಜಾಗದ ಸೂಚನೆಯನ್ನು ಉಚಿತವಾಗಿ ಕೊಡುತ್ತದೆ. ಮೋಡ ಮುಚ್ಚಿದ ದಿನ ಅದು ಕುರುಡು, ಉಳಿದ ದಿನ ಡೀಸೆಲ್ ಉಳಿಸುತ್ತದೆ.

ಮೂರನೆಯ ದಾರಿ ನನಗೆ ಇಷ್ಟವಾದದ್ದು: ಸಾಲ ಮಾಡಲೇಬೇಕೆಂದರೆ ಹಿಡಿಯುವುದಕ್ಕಲ್ಲ, ಹಿಡಿದದ್ದನ್ನು ಕೆಡದಂತೆ ಇಡುವುದಕ್ಕೆ ಮಾಡಿ. ಬೈಗೆಯಷ್ಟು ಬೇಗ ಕೆಡುವ ಮೀನು ಕಡಿಮೆ. ಹೊಟ್ಟೆ ತುಂಬ ತಿಂದ ಮೀನು ಸತ್ತ ಕೂಡಲೇ ಅದರ ಜೀರ್ಣರಸವೇ ಹೊಟ್ಟೆಯ ಗೋಡೆಯನ್ನು ಕರಗಿಸುತ್ತದೆ, ಕೆಲವೇ ಗಂಟೆಗಳಲ್ಲಿ ಹೊಟ್ಟೆ ಒಡೆಯುತ್ತದೆ. ಹೊಟ್ಟೆ ಒಡೆದ ಮೀನಿಗೆ ಫಿಶ್‌ಮೀಲ್ ದರ, ಒಡೆಯದ್ದಕ್ಕೆ ಮಾರುಕಟ್ಟೆ ದರ. ಮೀನಿನಷ್ಟೇ ತೂಕದ ಮಂಜುಗಡ್ಡೆ ದೋಣಿಯಲ್ಲೇ ಇದ್ದರೆ ಈ ವ್ಯತ್ಯಾಸ ನಿಮ್ಮ ಕೈಗೆ ಸಿಗುತ್ತದೆ. ಐಸ್ ಪೆಟ್ಟಿಗೆ, ಚಿಕ್ಕ ಗಾಡಿ, ಮನೆಯ ಹೆಂಗಸರು ನಡೆಸುವ ಒಣಮೀನಿನ ಕೆಲಸ, ಇಷ್ಟರಲ್ಲೇ ನಿಲ್ಲಿಸಿ. ದೊಡ್ಡ ಶೀತಲಗೃಹ ಕಟ್ಟುವ ಆಸೆ ಬೇಡ. ಎಣ್ಣೆ ಮೀನಾದ್ದರಿಂದ ಬೈಗೆಯನ್ನು ಹೆಪ್ಪುಗಟ್ಟಿಸಿ ಇಟ್ಟರೂ ಕೆಲವೇ ತಿಂಗಳಲ್ಲಿ ಕೊಬ್ಬು ಕಮಟು ಹಿಡಿಯುತ್ತದೆ, ಮೇಲಾಗಿ ಮೀನಿಲ್ಲದ ವರ್ಷ ಖಾಲಿ ಗೃಹಕ್ಕೂ ಕರೆಂಟ್ ಬಿಲ್ ಬರುತ್ತದೆ.

ಪಂಜರದಲ್ಲಿ ಬೈಗೆ ಸಾಕಲಾಗದು. ತೇಲುವ ಪಾಚಿ ಸೋಸಿ ತಿನ್ನುವ, ಮುಟ್ಟಿದರೆ ಹುರುಪೆ ಉದುರಿ ಸಾಯುವ, ಕಿಲೋಗೆ ಕಡಿಮೆ ಬೆಲೆಯ ಮೀನನ್ನು ಸಾಕಿ ಲಾಭ ಮಾಡಿದವರಿಲ್ಲ. ನಿಮ್ಮ ಕಡೆಯ ಹೊಳೆಗಳಲ್ಲಿ ಪಂಜರದಲ್ಲಿ ಸಾಕುವುದು ಸೀಬಾಸ್‌ನಂಥ ಬೇಟೆ ಮೀನು. ಅದಕ್ಕೆ ಕತ್ತರಿಸಿ ಹಾಕುವ ಆಹಾರ ಏನು ಗೊತ್ತೇ? ಹೆಚ್ಚಾಗಿ ಬೈಗೆಯಂಥ ಅಗ್ಗದ ಮೀನೇ. ಬೈಗೆ ಕೈಕೊಟ್ಟ ವರ್ಷ ತಪ್ಪಿಸಿಕೊಳ್ಳಲು ಪಂಜರ ಹಾಕಿದರೆ, ಅದೇ ವರ್ಷ ಪಂಜರದ ಮೇವೂ ದುಬಾರಿಯಾಗಿರುತ್ತದೆ.

ಕೊನೆಗೆ ಅಮ್ಮನ ಪ್ರಶ್ನೆ. ಅವರ ನಾಲಿಗೆ ಸುಳ್ಳು ಹೇಳುತ್ತಿಲ್ಲ. ಬೈಗೆಯ ಮೈಯಲ್ಲಿನ ಕೊಬ್ಬು ವರ್ಷವಿಡೀ ಒಂದೇ ಇರುವುದಿಲ್ಲ. ಮೊಟ್ಟೆ ಇಟ್ಟು ಬಡಕಲಾದ ಮೀನಿನಲ್ಲಿ ನೂರಕ್ಕೆ ಮೂರ್ನಾಲ್ಕು ಪಾಲು ಇದ್ದರೆ, ಮಳೆಗಾಲದ ಪಾಚಿ ತಿಂದು ಕೊಬ್ಬಿದ ಮೀನಿನಲ್ಲಿ ಹದಿನೈದು ಪಾಲು ದಾಟುವುದುಂಟು. ಹಿಂದೆ ಮನೆಗೆ ರಾಶಿ ಬೈಗೆ ಬರುತ್ತಿದ್ದುದು ಮಳೆ ಮುಗಿದ ರಂಪಣಿ ಕಾಲದಲ್ಲಿ, ಅದೂ ದಡದಿಂದ ನೇರ ಕಾವಲಿಗೆ. ಈಗ ಆಗಸ್ಟ್‌ನ ಎಳೆಮರಿ, ಬೇಸಿಗೆಯ ಬಡಕಲು, ವಾರಗಟ್ಟಲೆ ಮಂಜುಗಡ್ಡೆಯಲ್ಲಿ ಕೂತ ಹೊರದೇಶದ್ದು, ಎಲ್ಲಕ್ಕೂ ಬುಟ್ಟಿಯಲ್ಲಿ ಒಂದೇ ಹೆಸರು. ನವರಾತ್ರಿ ಕಳೆದ ಮೇಲೆ ತಮ್ಮನ ದೋಣಿಗೇ ಸಿಕ್ಕಿದ್ದರಲ್ಲಿ ಗೇಣಿಗಿಂತ ಚೂರು ಗಿಡ್ಡ, ಬೆನ್ನು ದಪ್ಪಗಿರುವ ನಾಲ್ಕು ಮೀನು ಆರಿಸಿ ಕೊಡಲಿ. ಮಸಾಲೆ ಹಚ್ಚಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಕಾವಲಿಗೆ ಇಡಲು ಅಮ್ಮನಿಗೆ ಹೇಳಿ.